ದಾನಮ್ಮ, ಚಂದ್ರಲೋಕ

೨೮ ನವೆಂಬರ್ ೨೦೦೬, ಮಂಗಳವಾರ

ಹನ್ನೊಂದಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಎರಡು ನಿಮಿಷ ಕೀಂಗುಟ್ಟಿ ಸತ್ತಿತು. ಮೂರು ಪುಟ ಸೇವ್ ಮಾಡಿರಲಿಲ್ಲ. ಮತ್ತೆ ಮೊದಲಿಂದ. ಅದೂ ಎಂಥ ಕಥೆ ಅಂತ! ಇಸವಿ ೨೧೦೦. ಷಿಕಾಗೋದ ಒಂದು ಮನೆ. ರೋಬೋಟ್ ಅಜ್ಜಿ ಬಿಸಿಬೇಳೆಬಾತ್ ಮಾಡುತ್ತಾಳೆ. ಕೊನೆಗೆ ಅಜ್ಜಿಯ ಕಣ್ಣಿಂದ ಮೆಷಿನ್ ಆಯಿಲ್ ಸುರಿಯುತ್ತದೆ.

ಈ ವಾರದಲ್ಲಿ ಇದು ನಾಲ್ಕನೆಯ ರೋಬೋಟ್ ಅಜ್ಜಿ. ಅಮೆರಿಕದ ಒಂದು ಕನ್ನಡ ಸಂಘದವರು ಸ್ಪರ್ಧೆ ನಡೆಸಿದ್ದಾರೆ — 'ನೂರು ವರ್ಷದ ನಂತರ ಹೊರನಾಡ ಕನ್ನಡಿಗ'. ಆಯ್ಕೆಯಾದ ಹನ್ನೆರಡು ಕಥೆ ಪುಸ್ತಕವಾಗಬೇಕು. ಕೆಲವು ಕೈಬರಹ, ಕೆಲವು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಎಲ್ಲ ರಾಜಾಜಿನಗರ ಇಂಡಸ್ಟ್ರಿಯಲ್ ಟೌನ್‌ನ ನಮ್ಮ ಪ್ರೆಸ್ಸಿಗೆ ಬಂದು ಬಿದ್ದಿವೆ. ಅಂದರೆ ನನ್ನ ಟೇಬಲ್ಲಿಗೆ.

"ಓದ್ತಾ ಕೂರಬೇಡಮ್ಮ ಜಯದೇವಿ, ಟೈಪ್ ಮಾಡು" — ಪದ್ಮನಾಭ ಸಾರ್. ಓನರ್. ಓದದೆ ಟೈಪ್ ಮಾಡುವುದು ಹೇಗೆ ಸ್ವಾಮಿ, ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ?

೧ ಡಿಸೆಂಬರ್, ಶುಕ್ರವಾರ

ಇವತ್ತು ತಲೆ ಕೆಟ್ಟಿತು. ಸ್ಪರ್ಧೆಯ ನಿಯಮಗಳ ಪುಟ ಟೈಪ್ ಮಾಡುತ್ತಿದ್ದೆ. ನಿಯಮ ಒಂದು: ಕರ್ನಾಟಕದ ಹೊರಗೆ ವಾಸಿಸುವವರಿಗೆ ಮಾತ್ರ. ನಿಯಮ ಎರಡು: ಊರು ಬಿಟ್ಟ ಅನುಭವ ಕಥೆಯಲ್ಲಿ ಇರಲೇಬೇಕು.

ಇರಲೇಬೇಕಂತೆ! ರಜಾ ಸಿಕ್ಕಾಗ ಬಂದು ಊರು ನೋಡಿಕೊಂಡು, ಉಪ್ಪಿನಕಾಯಿ ಕಟ್ಟಿಸಿಕೊಂಡು ಹೋಗುವವರದು ಊರು ಬಿಟ್ಟ ಅನುಭವ. ನನ್ನ ಊರಿಗೆ ಬಸ್ಸೇ ಇಲ್ಲ. ಆಲಮಟ್ಟಿ ಹಿನ್ನೀರಿನ ಕೆಳಗಿದೆ. ಮನೆ, ಬೇವಿನ ಮರ, ಅಪ್ಪನ ಎರೆ ಹೊಲ, ನಾನು ಓದಿದ ಸಾಲೆ — ಎಲ್ಲದರ ಮೇಲೆ ಮೀನು ಓಡಾಡುತ್ತಿವೆ. ಬೆಂಗಳೂರಿಗೆ ಬಂದು ಹತ್ತು ವರ್ಷ. ಆದರೆ ಕರ್ನಾಟಕದ ಒಳಗೇ ಇದ್ದೇನಲ್ಲ, ಹಾಗಾಗಿ ನಾನು ಊರು ಬಿಟ್ಟವಳಲ್ಲ. ಇವರ ನಿಯಮಕ್ಕಿಷ್ಟು ಬೆಂಕಿ ಹಾಕ.

ಸಿಟ್ಟಿನಲ್ಲಿ ಡಬ್ಬಿ ಮುಚ್ಚಳ ಸರಿ ಹಾಕಲಿಲ್ಲ. ಬ್ಯಾಗೆಲ್ಲ ಸಾರು. ಬಸ್ಸಲ್ಲಿ ಪಕ್ಕದವಳು ಮೂಗು ಮುಚ್ಚಿಕೊಂಡು ಕೂತಳು.

ಅತ್ತಿಗುಪ್ಪೆ ಸ್ಟಾಪ್ ಹತ್ತಿರ ಬಂದಾಗ ಹೊಳೆಯಿತು — ನಾನೂ ಒಂದು ಬರೆದರೆ? ಸ್ಪರ್ಧೆಗಲ್ಲ. ಸುಮ್ಮನೆ. ಇವರು ಷಿಕಾಗೋಗೆ ಹೋದರೆ ನಾನು ಇನ್ನೂ ದೂರ ಹೋಗುತ್ತೇನೆ. ಚಂದ್ರನಿಗೇ. ಬಸ್ಸಲ್ಲೇ ಒಬ್ಬಳೇ ನಕ್ಕೆ. ಸ್ಟಾಪ್ ದಾಟಿಹೋಯಿತು. ಮುಂದಿನ ಸ್ಟಾಪಿನಿಂದ ವಾಪಸ್ ನಡೆದೆ.

೩ ಡಿಸೆಂಬರ್, ಭಾನುವಾರ

ಕೆಂಗೇರಿ. ಅತ್ತೆ — ಅಪ್ಪನ ತಂಗಿ ಶಂಕ್ರವ್ವ. ಮೆಸ್ಸುಗಳಿಗೆ ಖಡಕ್ ರೊಟ್ಟಿ ಮಾಡಿ ಕೊಡುತ್ತಾಳೆ. ನಾನು ಹೋದಾಗ ಬಡಿಯುತ್ತಲೇ ಇದ್ದಳು. ತಲೆ ಎತ್ತದೆ, "ಇಪ್ಪತ್ತಕ್ಕ ಎಳ್ಳ ಅಮಾಸಿ ಐತಿ. ರಜಾ ತಗೋ" ಅಂದಳು. ಕೇಳಿದ್ದಲ್ಲ, ಆರ್ಡರ್.

ಊರಲ್ಲಿ ಅವತ್ತು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದೆವು. ಸಜ್ಜೆ ಕಡಬು, ಎಳ್ಳು ಹಚ್ಚಿದ ರೊಟ್ಟಿ, ಪುಂಡಿ ಪಲ್ಯ, ಬದನೆಕಾಯಿ ಎಣ್ಣೆಗಾಯಿ — ಎಲ್ಲ ಕಲಸಿ, ಹೊಲದ ತುಂಬ ಓಡಾಡಿ, ಭೂಮಿಗೆ ಉಣ್ಣಲು ಚೆಲ್ಲಬೇಕು. ಅದೇ ಚರಗ. ಒಬ್ಬರು "ಹುಲ್ಲುಲ್ಲಿಗೋ" ಎಂದು ಕೂಗಿದರೆ ಹಿಂದಿನವರು "ಚಲ್ಲಂಬರಿಗೋ" ಎನ್ನಬೇಕು. ಇಲ್ಲಿ ಹೊಲ ಎಲ್ಲಿ? ಹೋದ ವರ್ಷ ಅತ್ತೆ ಒಂದು ಖಾಲಿ ಸೈಟಿನಲ್ಲಿ ಚೆಲ್ಲಿದಳು. ವಾಚ್‌ಮನ್ ಓಡಿ ಬಂದ — "ಏನಮ್ಮ, ಇದೇನು ಕಸದ ತೊಟ್ಟಿನಾ?" ಅತ್ತೆ ಅವನ ಕೈಗೇ ಎರಡು ಕಡಬು ಇಟ್ಟಳು. ಬಾಯಿ ಮುಚ್ಚಿತು.

"ಈ ಸಲ ಎಲ್ಲಿ ಅತ್ತೀ?"

"ಎಲ್ಲಿ ಮಣ್ಣ ಕಂಡೀತೋ ಅಲ್ಲಿ."

ಚಂದ್ರ! ಅಲ್ಲಿ ಒಬ್ಬ ಮುದುಕಿ. ಎಳ್ಳ ಅಮಾವಾಸ್ಯೆ. ಚರಗ ಎಲ್ಲಿ ಚೆಲ್ಲುತ್ತಾಳೆ? ಸಿಕ್ಕಿತು, ಸಿಕ್ಕಿತು, ಕಥೆ ಸಿಕ್ಕಿತು! ಅತ್ತೆಯ ಹಿಟ್ಟಿನ ಕೈ ಹಿಡಿದು ಕುಣಿಸಿದೆ. "ಹುಚ್ಚ ಹಿಡದೈತೇನ ನಿನಗ" ಎಂದು ಬೆನ್ನಿಗೊಂದು ಗುದ್ದಿದಳು.

೫ ಡಿಸೆಂಬರ್, ಮಂಗಳವಾರ

ಒಂದು ದೊಡ್ಡ ಅನುಮಾನ. ಚಂದ್ರನ ಮೇಲೇ ಇರುವವರಿಗೆ ಅಮಾವಾಸ್ಯೆ ಅಂದರೇನು? ಚಂದ್ರ ಕಾಣದ ದಿನ ಅಂತ ಹೇಗೆ ಹೇಳುವುದು, ಕಾಲ ಕೆಳಗೇ ಇದೆಯಲ್ಲ?

ಮಧ್ಯಾಹ್ನ ಕೆಂಪಯ್ಯ ಮೇಷ್ಟ್ರು ಬಂದರು. ರಿಟೈರ್ಡ್ ಸೈನ್ಸ್ ಮೇಷ್ಟ್ರು, ನಮ್ಮಲ್ಲಿ ಪ್ರೂಫ್ ನೋಡುತ್ತಾರೆ. ಕೇಳಿದೆ. ಮೇಷ್ಟ್ರಿಗೆ ಇಪ್ಪತ್ತು ವರ್ಷ ವಯಸ್ಸು ಇಳಿಯಿತು. ಟೇಬಲ್ ಲ್ಯಾಂಪ್ ಹಚ್ಚಿಸಿದರು. ಮೆಷಿನ್ ಓಡಿಸುವ ಅಂಜಿನಯ್ಯನ ಡಬ್ಬಿಯಿಂದ ಕಿತ್ತಳೆ ಹಣ್ಣು ಎತ್ತಿಕೊಂಡರು.

"ಲ್ಯಾಂಪು ಸೂರ್ಯ. ನನ್ನ ಬೋಳು ತಲೆ ಭೂಮಿ. ಕಿತ್ತಳೆ ಚಂದ್ರ. ನೀನು ಕಿತ್ತಳೆ ಮೇಲಿರೋ ಇರುವೆ, ಸರೀನಾ?"

"ಸರಿ ಸಾರ್."

ಕಿತ್ತಳೆಯನ್ನು ಲ್ಯಾಂಪಿಗೂ ತಲೆಗೂ ನಡುವೆ ತಂದರು. "ಇದು ಅಮಾವಾಸ್ಯೆ. ಕಿತ್ತಳೆಯ ಈ ಮಗ್ಗುಲು ಕತ್ತಲು, ನಂಗೆ ಕಾಣಲ್ಲ. ಈಗ ಇರುವೆಯಮ್ಮ, ಅಲ್ಲಿಂದ ನನ್ನ ತಲೆ ಹೇಗೆ ಕಾಣುತ್ತೆ?"

ಬಗ್ಗಿ ಕಿತ್ತಳೆಯ ಪಕ್ಕದಿಂದ ನೋಡಿದೆ. ಬೋಳು ತಲೆ ಪೂರ್ತಿ ಹೊಳೆಯುತ್ತಿತ್ತು. ಒಂದು ಚೂರೂ ಕತ್ತಲಿಲ್ಲ.

"ಪೂರ್ತಿ ಸಾರ್! ಪೂರ್ತಿ!"

"ಹ್ಞೂಂ ಮತ್ತೆ. ಇಲ್ಲಿ ಅಮಾವಾಸ್ಯೆ ಆದ್ರೆ ಅಲ್ಲಿ ಹುಣ್ಣಿಮೆ ಭೂಮಿ."

ಕಿರುಚಿಯೇ ಬಿಟ್ಟೆ. ಪದ್ಮನಾಭ ಸಾರ್ ಕ್ಯಾಬಿನ್ನಿಂದ ಇಣುಕಿದರು. ಎಂಥ ಮಾತು ಇದು! ಊರಿನವರಿಗೆ ನಾವು ಕಾಣುವುದೇ ಇಲ್ಲ, ಅದೇ ದಿನ ನಮಗೆ ಊರು ಪೂರ್ತಿ ಕಾಣುತ್ತದೆ. ನಾನು ಕಟ್ಟಿದ್ದಲ್ಲ, ಆಕಾಶದಲ್ಲಿ ನಿಜಕ್ಕೂ ಹಾಗೇ ಇದೆ.

ಅಂಜಿನಯ್ಯ ಮಾತ್ರ, "ಭೂಮಿ ಚಂದ್ರ ಎಲ್ಲ ಆಯ್ತಲ್ಲ, ನನ್ನ ಹಣ್ಣು ಕೊಡಿ ಸಾರ್."

೬ ಡಿಸೆಂಬರ್, ಬೆಳಿಗ್ಗೆ ೫.೪೦

ಎದ್ದು ಆಗಲೇ ನಾಲ್ಕು ಪುಟ. ನೀರು ಬಿಡುವ ಹೊತ್ತು, ಕೆಳಗೆ ಬಿಂದಿಗೆ ಸದ್ದು. ಹೋಗಲ್ಲ. ನೀರಿಲ್ಲದಿದ್ದರೆ ಮುಖ ತೊಳೆಯುವುದಿಲ್ಲ ಅಷ್ಟೆ. ಮುದುಕಿಗೆ ದಾನಮ್ಮ ಅಂತ ಹೆಸರಿಟ್ಟೆ —

೧೨ ಡಿಸೆಂಬರ್, ಮಂಗಳವಾರ

ಮುಗಿಯಿತು!!! 'ಅಮಾವಾಸ್ಯೆಯ ಚರಗ'. ಇನ್ನೊಂದು ಸಲ ಬರೆಯುತ್ತೇನೆ — ಮುಗಿಯಿತು.

ದಾನಮ್ಮ ಎಪ್ಪತ್ತರ ಮುದುಕಿ. ಚಂದ್ರನ ಕಾಲೊನಿಯಲ್ಲಿ ಅಡುಗೆಯವಳು. ಗಾಜಿನ ಬುರುಡೆಯೊಳಗೆ ನಾನೂರು ಜನ. ಅಲ್ಲಿನ ಕಂಪನಿಯ ಕಾನೂನು: ಒಂದು ಅಗುಳು ಹೊರಗೆ ಹೋಗಬಾರದು. ಅವಳು ಅಮಾವಾಸ್ಯೆಗೆ ಕಡಬು ಮಾಡಿ, ಕಲಸಿ, ಚೀಲದಲ್ಲಿ ಕಟ್ಟಿ, ಗಾಳಿಯ ಡ್ರೆಸ್ ಹಾಕಿಕೊಂಡು ಬಾಗಿಲು ತೆಗೆದು ಹೊರಟುಬಿಡುತ್ತಾಳೆ. ತಲೆ ಮೇಲೆ ಪೂರ್ತಿ ಬೆಳಗಿದ ಭೂಮಿ. ಕೂಗುತ್ತಾಳೆ. ಗಾಳಿ ಇಲ್ಲ, ಕೂಗು ಎಲ್ಲೂ ಹೋಗುವುದಿಲ್ಲ. ಆದರೆ ತಲೆಯ ಡಬ್ಬಿಯಲ್ಲಿ ರೇಡಿಯೋ ಇದೆಯಲ್ಲ — ಕಾಲೊನಿಯ ಎಲ್ಲರ ಕಿವಿಯಲ್ಲಿ "ಹುಲ್ಲುಲ್ಲಿಗೋ"! ಅಲ್ಲೇ ಹುಟ್ಟಿದ ಮಕ್ಕಳು, ಹೊಲವನ್ನೇ ನೋಡದವು, ಇದೇನು ಎಂದು ಕೇಳುತ್ತವೆ. ಯಾರೋ ಒಬ್ಬ ಮುದುಕ, ಐವತ್ತು ವರ್ಷದಿಂದ ಮಾತೇ ಕಡಿಮೆ ಮಾಡಿದವನು, ತಡೆಯಲಾರದೆ "ಚಲ್ಲಂಬರಿಗೋ" ಎಂದು ಉತ್ತರ ಕೊಡುತ್ತಾನೆ.

ಅವನ ಉತ್ತರ ಬರೆಯುವಾಗ ನಾನು ಗಳಗಳ ಅತ್ತೆ. ಅಪ್ಪನ ದನಿಯಲ್ಲೇ ಕೇಳಿಸಿತು. ಕಥೆ ಬರೆದು ಅಳುವುದು ಎಂಥ ಸುಖ, ಯಾರೂ ಹೇಳಿರಲಿಲ್ಲ.

೧೮ ಡಿಸೆಂಬರ್, ಸೋಮವಾರ

ಪುಸ್ತಕದ ಲೇಔಟ್ ಆಯಿತು. ನೂರಿಪ್ಪತ್ತೊಂದು ಪುಟ. ಮೆಷಿನ್ನಿಗೆ ಹಾಕುವುದು ಹದಿನಾರು ಪುಟಕ್ಕೊಂದು ಫಾರಂ. ಎಂಟು ಫಾರಂ ಅಂದರೆ ನೂರಿಪ್ಪತ್ತೆಂಟು. ಏಳು ಪುಟ ಖಾಲಿ. ಸಂಘದವರು ತಮ್ಮ ಫೋಟೋ, ಅಧ್ಯಕ್ಷರ ಮಾತು ಕಳಿಸುತ್ತಾರಂತೆ, ಇನ್ನೂ ಬಂದಿಲ್ಲ.

"ಡಮ್ಮಿ ಹಾಕಿಡು, ಬಂದ್ಮೇಲೆ ಬದಲಾಯಿಸೋಣ" ಅಂದರು ಪದ್ಮನಾಭ ಸಾರ್.

ಡಮ್ಮಿಗೆ ಯಾವುದಾದರೂ ಹಳೇ ಫೈಲ್ ಸುರಿಯುವುದು ವಾಡಿಕೆ. ಮದುವೆ ಕಾಗದ, ಸೊಸೈಟಿ ವರದಿ, ಏನಾದರೂ. ನಾನು... ನನ್ನ ಕಥೆ ಸುರಿದೆ. ಊಟದ ಹೊತ್ತಿನಲ್ಲಿ ಟೈಪ್ ಮಾಡಿಟ್ಟಿದ್ದೆ. ಏಳು ಪುಟಕ್ಕೆ ಸರಿಯಾಗಿ, ಒಂದು ಸಾಲು ಹೆಚ್ಚಿಲ್ಲ, ಕಡಿಮೆ ಇಲ್ಲ! ಬೇರೆ ಕಥೆಗಳ ತಲೆಯಲ್ಲಿ 'ಇಂಥವರು, ಟೊರೊಂಟೊ', 'ಇಂಥವರು, ಡಲ್ಲಾಸ್' ಎಂದಿತ್ತು. ನನ್ನದಕ್ಕೆ 'ದಾನಮ್ಮ, ಚಂದ್ರಲೋಕ' ಎಂದು ಹಾಕಿದೆ. ಪರಿವಿಡಿಯಲ್ಲೂ ಒಂದು ಸಾಲು. ಸ್ಕ್ರೀನ್ ಮೇಲೆ ನೋಡಿ ನೋಡಿ ದಣಿಯಲಿಲ್ಲ. ಒಂದೆರಡು ದಿನ ಇರಲಿ, ಆಮೇಲೆ ತೆಗೆದರಾಯಿತು.

೧೯ ಡಿಸೆಂಬರ್, ಮಂಗಳವಾರ

ಟ್ರೇಸಿಂಗ್ ಶೀಟಿನ ಮೇಲೆ ಎಲ್ಲ ಪುಟ ಪ್ರಿಂಟ್ ತೆಗೆದೆ. ನಮ್ಮ ಪ್ರೆಸ್ಸಲ್ಲಿ ರೂಲ್ — ಡಮ್ಮಿ ಪುಟದ ಮೇಲೆ ಕೆಂಪು ಪೆನ್ಸಿಲ್‌ನಲ್ಲಿ ಅಡ್ಡ ಗೀಟು ಎಳೆಯಬೇಕು. ಗೀಟು ಇದ್ದರೆ ಅಂಜಿನಯ್ಯ ಅಚ್ಚಿಗೆ ಬೇಕಾದ ಪ್ಲೇಟ್ ಮಾಡುವುದಿಲ್ಲ. ಇಲ್ಲದಿದ್ದರೆ ಮಾಡುತ್ತಾನೆ. ಅವನು ಅಕ್ಷರ ಓದುವುದಿಲ್ಲ, ಗೀಟು ಓದುತ್ತಾನೆ.

ಪೆನ್ಸಿಲ್ ಹಿಡಿದೆ. ದಾನಮ್ಮನ ಮೇಲೆ ಅಡ್ಡ ಗೀಟು! ಕೈ ಬರಲಿಲ್ಲ. ಗುರುವಾರ ಬಂದು ಎಳೆಯುತ್ತೇನೆ, ಫೋಟೋಗಳೇ ಬಂದಿಲ್ಲವಲ್ಲ, ಯಾರು ಓಡಿಸುತ್ತಾರೆ? ಹಾಗೇ ಕಟ್ಟಿಟ್ಟು ಬಂದೆ. ನಾಳೆ ರಜಾ.

೨೦ ಡಿಸೆಂಬರ್, ಬುಧವಾರ. ಎಳ್ಳ ಅಮಾವಾಸ್ಯೆ

ಕೆಂಗೇರಿ ಆಚೆ, ರೈಲು ಹಳಿ ದಾಟಿ ಒಂದು ರಾಗಿ ಹೊಲ ಸಿಕ್ಕಿತು. ಕುಯ್ಲು ಮುಗಿದಿತ್ತು. ಹೊಲದವರನ್ನು ಅತ್ತೆಯೇ ಕೇಳಿದಳು. "ಚೆಲ್ಲಿ ತಾಯಿ, ನಂಗೂ ಒಂದಿಷ್ಟು ಕೊಟ್ಟು ಚೆಲ್ಲಿ" ಅಂದ ಯಜಮಾನ. ಕೆಂಪು ಮಣ್ಣು. ನಮ್ಮದು ಕಪ್ಪು. ಅತ್ತೆ ಮೊದಲು ಒಂದು ಹಿಡಿ ಎತ್ತಿ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿ ಹೊರಟಳು ನೋಡು — "ಹುಲ್ಲುಲ್ಲಿಗೋ!" ನಾನು ಹಿಂದೆ ನೀರಿನ ಕೊಡ ಹೊತ್ತು "ಚಲ್ಲಂಬರಿಗೋ!" ರೈಲಿನವರೆಲ್ಲ ಕಿಟಕಿಯಿಂದ ನೋಡಿದರು. ನೋಡಲಿ.

ಉಂಡಿದ್ದು ಹೆಚ್ಚಾಯಿತು. ನಿದ್ದೆ.

೨೧ ಡಿಸೆಂಬರ್, ಗುರುವಾರ

ಅಯ್ಯೋ ಶಿವನೇ. ಅಯ್ಯೋ ಶಿವನೇ.

ಬೆಳಿಗ್ಗೆ ಪ್ರೆಸ್ಸಿಗೆ ಕಾಲಿಟ್ಟರೆ ಬೈಂಡಿಂಗ್ ಹೆಂಗಸರು ಎಂಟನೇ ಫಾರಂ ಮಡಿಸುತ್ತಿದ್ದಾರೆ. ಎತ್ತಿ ನೋಡಿದೆ. ದಾನಮ್ಮ. ಕರಿ ಶಾಯಿಯಲ್ಲಿ. ಒಂದು ಸಾವಿರ ಪ್ರತಿ.

ಆದದ್ದು ಇಷ್ಟು. ನಿನ್ನೆ ಮಧ್ಯಾಹ್ನ ಸಂಘದವರ ಫೋನ್ — ಫೋಟೋ ಆಗುವುದಿಲ್ಲ, ಆ ಪುಟ ಖಾಲಿ ಬಿಟ್ಟು ಓಡಿಸಿ, ಶನಿವಾರ ಪಾರ್ಸೆಲ್ ಹೊರಡಲೇಬೇಕು. ಪದ್ಮನಾಭ ಸಾರ್ ಅಂಜಿನಯ್ಯನಿಗೆ, "ಡಮ್ಮಿ ಇದ್ರೆ ತೆಗೆದು ಓಡಿಸು" ಎಂದು ಮದುವೆಗೆ ಹೋದರು. ಅಂಜಿನಯ್ಯ ಗೀಟು ಹುಡುಕಿದ. ಗೀಟು ಇಲ್ಲ. ಓಡಿಸಿದ.

"ಯಾಕಕ್ಕ ಮುಖ ಹಂಗೆ ಮಾಡ್ಕೊಂಡಿದೀರ? ಇಂಕ್ ಸೂಪರ್ ಆಗಿ ಕೂತಿದೆ ನೋಡಿ" ಅಂದ.

ಕೂತಿತ್ತು. ನಿಜವಾಗಿ ಸೂಪರ್ ಆಗಿ ಕೂತಿತ್ತು. ಆ ಭಯದಲ್ಲೂ ಹಾಳೆಯನ್ನು ಮೂಗಿಗೆ ಹಿಡಿದೆ. ನನ್ನ ಅಕ್ಷರದ ವಾಸನೆ. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡೆ. ಹೇಳಲಿಲ್ಲ. ಸಂಜೆ ಪದ್ಮನಾಭ ಸಾರ್ ಬೈಂಡಾದ ಮೊದಲ ಪ್ರತಿ ತಿರುವಿ ಅಟ್ಟೆ ನೋಡಿದರು, ಬೆನ್ನು ನೋಡಿದರು, "ಫಸ್ಟ್‌ಕ್ಲಾಸ್" ಎಂದರು. ಒಳಗೆ ಓದಲಿಲ್ಲ. ಅವರು ಯಾವತ್ತೂ ಓದುವುದಿಲ್ಲ.

೨೩ ಡಿಸೆಂಬರ್, ಶನಿವಾರ

ಪಾರ್ಸೆಲ್ ಹೋಯಿತು. ದಾನಮ್ಮ ವಿಮಾನ ಹತ್ತಿದಳು. ನಾನು ವಿಮಾನವನ್ನು ಹತ್ತಿರದಿಂದ ನೋಡಿಯೂ ಇಲ್ಲ.

೧೭ ಜನವರಿ ೨೦೦೭, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಫೋನ್ ರಿಂಗಾದರೆ ಎದ್ದು ಬೈಂಡಿಂಗ್ ಕಡೆ ಹೋಗಿಬಿಡುತ್ತಿದ್ದೆ. ಇವತ್ತು ಆ ಫೋನ್ ಬಂತು.

ಸಂಘದ ಸಂಪಾದಕರು, ಚನ್ನಕೇಶವ ಅಂತ. ಪದ್ಮನಾಭ ಸಾರ್ ಸ್ಪೀಕರ್ ಹಾಕಿದ್ದರು, ಕ್ಯಾಬಿನ್ ಬಾಗಿಲು ತೆರೆದಿತ್ತು. "ಸಾರ್, ಆ ದಾನಮ್ಮ ಯಾರು? ನಮ್ಮ ಲಿಸ್ಟಿನಲ್ಲಿ ಹದಿಮೂರನೇ ಕಥೇನೇ ಇಲ್ಲ. ಆದ್ರೆ ಎಲ್ರೂ ಅದನ್ನೇ ಮಾತಾಡ್ತಾ ಇದಾರೆ! ಟೆಕ್ಸಾಸಿನಿಂದ ಒಬ್ಬ ಹಿರಿಯರು ಫೋನ್ ಮಾಡಿ ಅತ್ತುಬಿಟ್ರು. ಓದುಗರ ಮೆಚ್ಚುಗೆ ಬಹುಮಾನಕ್ಕೆ ಮುಕ್ಕಾಲು ಪಾಲು ವೋಟು ಅದಕ್ಕೇ ಬಿದ್ದಿದೆ."

ಅತ್ತರಂತೆ! ಟೆಕ್ಸಾಸಿನಲ್ಲಿ! ಕೀಬೋರ್ಡಿನ ಮೇಲೆ ಕೈ ಇಟ್ಟು ಹಾಗೇ ಕೂತೆ. ಸ್ಕ್ರೀನ್ ತುಂಬ 'ಕಕಕಕಕಕ' ಬಿತ್ತು.

ಪದ್ಮನಾಭ ಸಾರ್‌ಗೆ ತಲೆಬುಡ ಗೊತ್ತಿಲ್ಲ. ಆದರೆ ಎಲ್ಲಿ ತಪ್ಪು ಪ್ರೆಸ್ಸಿನ ತಲೆಗೆ ಬರುತ್ತೋ ಎಂದು ಗಾಬರಿ. "ಅದಾ ಸಾರ್... ನಿಮ್ಮ ಮೇಲ್‌ನಲ್ಲೇ ಬಂದಿತ್ತಲ್ಲ, ಕೊನೇ ಗಳಿಗೇಲಿ. ನಮ್ ಕಡೆಯಿಂದ ಒಂದಕ್ಷರ ಸೇರಿಸಲ್ಲ ಸಾರ್, ಮೂವತ್ತು ವರ್ಷದ ಪ್ರೆಸ್ಸು" ಎಂದುಬಿಟ್ಟರು.

ಹೋಯಿತು. ಈಗ ನಾನು ಬಾಯಿ ತೆರೆದರೆ ಅವರು ಸುಳ್ಳುಗಾರರಾಗುತ್ತಾರೆ.

೨೦ ಜನವರಿ, ಶನಿವಾರ

ಹೇಳಿದೆ. ಸಾರ್‌ಗೆ ಮಾತ್ರ.

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. "ನಾನು ನಿಂಗೇನಮ್ಮ ಕಮ್ಮಿ ಮಾಡಿದ್ದೆ?"

ಇದಕ್ಕಿಂತ ಕೆನ್ನೆಗೆ ಹೊಡೆದಿದ್ದರೆ ಚೆನ್ನಾಗಿತ್ತು. ಹತ್ತು ವರ್ಷದ ಹಿಂದೆ ಹಾಳೆ ಮಡಿಸುವ ಕೆಲಸಕ್ಕೆ ಬಂದವಳು ನಾನು. ಮಡಿಸುತ್ತಾ ಓದುತ್ತಿದ್ದದ್ದನ್ನು ನೋಡಿ ಕಂಪ್ಯೂಟರ್ ಮುಂದೆ ಕೂರಿಸಿದವರು ಅವರೇ.

"ಗಿರಾಕಿ ಪುಸ್ತಕದೊಳಗೆ ನಮ್ಮದನ್ನ ಸೇರಿಸೋದು ಕಳ್ಳತನ ಕಣಮ್ಮ. ಇದು ಹೊರಗೆ ಬಂದ್ರೆ ನಾಳೆ ಯಾರು ನಂಬಿ ಕೆಲಸ ಕೊಡ್ತಾರೆ?"

"ಬಾಯಿ ಬಿಡಲ್ಲ ಸಾರ್. ಅತ್ತೆ ಮೇಲಾಣೆ."

ಆಣೆ ಹಾಕುವಾಗ ಸಲೀಸಾಗಿ ಬಂತು. ಮನೆಗೆ ಬಂದು ಕಥೆಯ ಕೈಬರಹವನ್ನು ಟ್ರಂಕಿನ ತಳಕ್ಕೆ ಹಾಕಿದೆ.

೨೫ ಜನವರಿ, ಗುರುವಾರ

ಚನ್ನಕೇಶವ ಅವರು ಊರಿಗೆ ಬಂದಿದ್ದಾರೆ. ಬಸವೇಶ್ವರನಗರದಲ್ಲಿ ತಂಗಿ ಮನೆ. ಪ್ರೆಸ್ಸಿಗೇ ಬಂದರು. ಒಳ್ಳೆಯ ಮನುಷ್ಯ. ಎಲ್ಲರಿಗೂ ಚಾಕೊಲೇಟ್ ತಂದಿದ್ದರು. ಎರಡನೇ ಮುದ್ರಣ ಬೇಕಂತೆ, ದಾನಮ್ಮನಿಂದಾಗಿಯೇ.

ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. "ನೀವೇ ಅಲ್ವಾ ಟೈಪ್ ಮಾಡಿದ್ದು? ಓದಿದ್ರಾ ಆ ಕಥೆ? ಏನಮ್ಮಾ ಅದು! ಮಣ್ಣಿಂದ ದೂರ ಹೋದೋರು ಮಾತ್ರ ಹಾಗೆ ಬರೀಬಹುದು. ಇಲ್ಲೇ ಇರೋರಿಗೆ ಅದು ಗೊತ್ತಾಗಲ್ಲ ಬಿಡಿ."

ಚಾಕೊಲೇಟ್ ಬಾಯಲ್ಲಿತ್ತು. ಕಚ್ಚಿ ನುಂಗಿದೆ. ಹಿಂದೆ ಪದ್ಮನಾಭ ಸಾರ್ ಕೆಮ್ಮಿದರು.

ಭಾನುವಾರ ಬಸವೇಶ್ವರನಗರದ ಹಾಲ್‌ನಲ್ಲಿ ಸಣ್ಣ ಸಮಾರಂಭ. ವೇದಿಕೆಯಿಂದ ದಾನಮ್ಮನನ್ನು ಕರೆಯುತ್ತಾರೆ. ಯಾರೂ ಬರದಿದ್ದರೆ ಹೊಸ ಮುದ್ರಣದಲ್ಲಿ 'ಅನಾಮಧೇಯ' ಅಂತ ಹಾಕುವುದು. "ಈಗಲೇ ಬದಲಾಯಿಸಿ ಇಟ್ಟಿರಿ, ಸೋಮವಾರ ಪ್ಲೇಟ್ ಹೋಗಲಿ" ಎಂದರು. ಅವರ ಎದುರೇ 'ದಾನಮ್ಮ, ಚಂದ್ರಲೋಕ' ಸೆಲೆಕ್ಟ್ ಮಾಡಿ ಡಿಲೀಟ್ ಒತ್ತಿದೆ. 'ಅನಾಮಧೇಯ' ಟೈಪ್ ಮಾಡಿದೆ. ನನ್ನ ಹತ್ತು ವರ್ಷದ ಸರ್ವಿಸ್‌ನಲ್ಲಿ ಇಷ್ಟು ಕಷ್ಟದ ಐದಕ್ಷರ ಇಲ್ಲ.

೨೬ ಜನವರಿ, ಶುಕ್ರವಾರ

ರಜಾ. ಕೆಂಗೇರಿಗೆ ಪುಸ್ತಕ ತೆಗೆದುಕೊಂಡು ಹೋದೆ. ಅತ್ತೆಗೆ ಓದಲು ಬರುವುದಿಲ್ಲ. ನಾನೇ ಓದಿದೆ, ಏಳೂ ಪುಟ. ರೊಟ್ಟಿ ಬಡಿಯುವುದು ನಿಲ್ಲಿಸಿ ಕೇಳಿದಳು. ಅವಳು ಬಡಿಯುವುದು ನಿಲ್ಲಿಸಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಮುಗಿಸಿದ ಮೇಲೆ, "ಅಕಿ ನಾನs ಹೌದಿಲ್ಲೋ?" ಎಂದಳು.

"ಹೌದು ಅತ್ತೀ."

"ಬರದಾಕಿ ನೀನು."

"ಹೌದು."

"ಮತ್ತ ನಿನ್ನ ಹೆಸರ ಎಲ್ಲೈತಿ?"

ಎಲ್ಲ ಹೇಳಿದೆ. ಸಾರ್, ಆಣೆ, ಅನಾಮಧೇಯ. ಕೇಳಿ ಕೇಳಿ ಅತ್ತೆಯ ಮುಖ ಕೆಂಪಾಯಿತು. "ಊರು ನೀರಾಗ ಹೋತು. ಹೊಲ ಹೋತು. ಅವರೇನ ನಮ್ಮನ್ನ ಕೇಳಿದ್ದಿಲ್ಲ. ಇದನ್ನ ನೀನs ನಿನ್ನ ಕೈಲೆ ಮುಳಗಸಾಕತ್ತಿ. ನಾಚಿಗಿ ಬರವಲ್ದೇನ?"

"ನಿನ್ನ ಮ್ಯಾಲ ಆಣಿ ಮಾಡೀನಿ."

"ನನ್ನ ಕೇಳಿ ಮಾಡಿಯೇನ? ನನಗೇನ ಆಗೂದಿಲ್ಲ, ಗಟ್ಟಿ ಅದೀನಿ. ಐತವಾರ ನಾನೂ ಬರ್ತೀನಿ."

೨೮ ಜನವರಿ, ಭಾನುವಾರ. ಹಾಲ್. ೧೦.೫೦

ಹಿಂದಿನಿಂದ ಮೂರನೇ ಸಾಲು. ಎಡಕ್ಕೆ ಅತ್ತೆ, ಇಳಕಲ್ ಸೀರೆ, ಮಡಿಲಲ್ಲಿ ರೊಟ್ಟಿ ಗಂಟು — ಯಾಕೆ ತಂದಳೋ! ಬಲಕ್ಕೆ, ದಾರಿಯ ಕಡೆ, ಪದ್ಮನಾಭ ಸಾರ್. ಇಸ್ತ್ರಿ ಶರ್ಟು. ನನ್ನ ಜೊತೆ ಮಾತಾಡಿಲ್ಲ. ಹೊರಗೆ ಹೋಗಬೇಕೆಂದರೆ ಅವರ ಕಾಲು ದಾಟಿಯೇ ಹೋಗಬೇಕು. ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

೧೧.೨೫

ಕೆಂಪಯ್ಯ ಮೇಷ್ಟ್ರು ಮುಂದಿನ ಸಾಲಿನಿಂದ ತಿರುಗಿ ನೋಡಿ, ಗಾಳಿಯಲ್ಲಿ ಕಿತ್ತಳೆ ಹಿಡಿದಂತೆ ಕೈ ಮಾಡಿ ನಕ್ಕರು. ಅವರಿಗೆ ಗೊತ್ತು! ಪ್ರೂಫ್ ನೋಡುವವರಿಗೆ ಗೊತ್ತಿಲ್ಲದೆ ಇರುತ್ತದೆಯೇ, ನಾನೊಬ್ಬಳು ಪೆದ್ದಿ. ಹೇಳಲಿಲ್ಲ ಪುಣ್ಯಾತ್ಮ. ನನಗೇ ಬಿಟ್ಟಿದ್ದಾರೆ.

೧೧.೪೦

ಚನ್ನಕೇಶವ ಅವರು ಓದುತ್ತಿದ್ದಾರೆ. ನನ್ನ ಕಥೆ. ಮೈಕಿನಲ್ಲಿ. ಮುದುಕ ಉತ್ತರ ಕೊಡುವ ಜಾಗ ಬಂತು. ಮುಂದೆ ಯಾರೋ ಹೆಂಗಸು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸುಖ, ಭಯ, ಸಿಟ್ಟು, ಎಲ್ಲ ಒಟ್ಟಿಗೆ.

೧೧.೫೫

"ದಾನಮ್ಮ ಅನ್ನೋ ಹೆಸರಲ್ಲಿ ಬರೆದವರು ಸಭೆಯಲ್ಲಿದ್ರೆ ದಯವಿಟ್ಟು ವೇದಿಕೆಗೆ ಬರಬೇಕು."

ಮೊದಲ ಸಲ. ಯಾರೂ ಏಳಲಿಲ್ಲ. ಅತ್ತೆಯ ಮೊಣಕೈ ನನ್ನ ಪಕ್ಕೆಯಲ್ಲಿ.

ಎರಡನೇ ಸಲ. ಜನ ತಿರುಗಿ ತಿರುಗಿ ನೋಡುತ್ತಿದ್ದಾರೆ. "ಬಹುಶಃ ಅವರು ಎಲ್ಲೋ ದೂರದೇಶದಲ್ಲಿ ಕೂತಿದ್ದಾರೆ" ಅಂದರು ಚನ್ನಕೇಶವ. ದೂರದೇಶವಂತೆ. ಹದಿನೆಂಟನೇ ಸಾಲಿನಲ್ಲಿ ಕೂತಿದ್ದೇನೆ ಸ್ವಾಮಿ!

ಸಾರ್ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ. ನೇರ ವೇದಿಕೆಯನ್ನೇ ನೋಡುತ್ತಿದ್ದಾರೆ. ಬೆವರುತ್ತಿದ್ದಾರೆ. ಸಾರ್, ನನ್ನನ್ನು ಕ್ಷಮಿಸಬೇಡಿ, ಬೇಕಿದ್ದರೆ ನಾಳೆಯಿಂದ ಬರಬೇಡ ಎನ್ನಿ. ನನ್ನ ಕೈಲಿ ಸೋಮವಾರ ಆ 'ಅನಾಮಧೇಯ' ಪುಟವನ್ನು ಪ್ಲೇಟ್‌ಗೆ ಕೊಡಲು ಆಗುವುದಿಲ್ಲ.

ಮೂರನೇ ಸಲ ಕರೆಯುತ್ತಿದ್ದಾರೆ. "ಕೊನೆಯ ಬಾರಿ..."

ಸಾರ್ ಅಲುಗಾಡಿದರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಇಲ್ಲ. ಇನ್ನೂ ಮುಂದಕ್ಕೇ ನೋಡುತ್ತಾ ಎರಡೂ ಕಾಲು ಕುರ್ಚಿ ಕೆಳಗೆ ಮಡಚಿಕೊಂಡರು. ಒಬ್ಬರು ದಾಟಿ ಹೋಗುವಷ್ಟು ಜಾಗ.

ಈ ಡೈರಿ ಅತ್ತೆ ಕೈಗೆ ಕೊಟ್ಟು —